ಲೋಡ್ ಹಾಕಿದರೆ ಮಾತ್ರ ನಡುಗುವ ಪಿಕಪ್: ಹುಡುಕಿದ್ದು, ಬಿಚ್ಚಿದ್ದು, ಸರಿ ಮಾಡಿದ್ದು

ಖಾಲಿ ಗಾಡಿ ಓಡಿಸಿದರೆ ಏನೂ ಇಲ್ಲ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಆಕ್ಸಿಲರೇಟರ್ ಒತ್ತಿದರೂ ಏನೂ ಇಲ್ಲ. ಹಿಂದೆ ಒಂದು ಟನ್‌ಗಿಂತ ಜಾಸ್ತಿ ಭಾರ ಹೇರಿ ಏರು ಹತ್ತಿಸಿದರೆ ಮಾತ್ರ ಸೀಟಿನ ಕೆಳಗಿಂದ ನಡುಕ ಶುರುವಾಗುತ್ತದೆ. ಗೇರ್ ಲಿವರ್ ಗಡಗಡ ಅನ್ನುತ್ತದೆ. ಸೈಡ್ ಮಿರರ್‌ನಲ್ಲಿ ಹಿಂದಿನ ಗಾಡಿ ಮಸುಕಾಗುತ್ತದೆ. ಕಾಲು ತೆಗೆದ ಕೂಡಲೇ ಎಲ್ಲ ನಿಲ್ಲುತ್ತದೆ.

ಇದು ಮೂಡಿಗೆರೆ ಕಡೆಯ ನಮ್ಮ ತೋಟದ ಪಿಕಪ್. 2.5 ಲೀಟರ್, ನಾಲ್ಕು ಸಿಲಿಂಡರ್, ಕಾಮನ್ ರೈಲ್ (ಎಲ್ಲ ಸಿಲಿಂಡರಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ) ಡೀಸೆಲ್ ಎಂಜಿನ್, ಟರ್ಬೊ ಇದೆ. ಹಿಂದಿನ ಚಕ್ರಕ್ಕೆ ಡ್ರೈವ್, ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್ (ಎಂಜಿನ್ ಶಕ್ತಿಯನ್ನು ಹಿಂದಿನ ಆಕ್ಸಲಿಗೆ ಒಯ್ಯುವ ಉದ್ದನೆಯ ದಂಡ), ಹಿಂದೆ ಪಟ್ಟಿ ಸ್ಪ್ರಿಂಗ್. ಇಲ್ಲಿಂದ ಕಾಫಿ, ಮೆಣಸು ಇಳಿಸುತ್ತದೆ. ಕೆಳಗಿನಿಂದ ಹೆಂಚು, ಗೊಬ್ಬರ, ಹಿಂಡಿ ಹೊತ್ತು ಚಾರ್ಮಾಡಿ ಘಾಟಿ ಹತ್ತಿ ಬರುತ್ತದೆ. ತೊಂದರೆ ಕಾಣಿಸಿದ್ದು ಈ ಹತ್ತುವ ದಾರಿಯಲ್ಲೇ. ಪೇಟೆಯ ಒಂದು ಗ್ಯಾರೇಜಿನಲ್ಲಿ ಶಾಫ್ಟಿನ ಕ್ರಾಸ್ (ಅದರ ಬಾಗುವ ಕೀಲು) ಬದಲಾಯಿಸಿ ಚಕ್ರ ಬ್ಯಾಲೆನ್ಸ್ ಮಾಡಿ ಕೊಟ್ಟರು. ನಡುಕ ಹಾಗೇ ಉಳಿಯಿತು. ಆಮೇಲೆ ಗೆಳೆಯನೊಬ್ಬನನ್ನು ಜೊತೆಗೆ ಹಾಕಿಕೊಂಡು ನಾವೇ ಹುಡುಕಲು ಕೂತೆವು.

ಇಂಥ ಕೆಲಸದಲ್ಲಿ ನಾನು ಎರಡು ಪ್ರಶ್ನೆಗಳನ್ನು ಯಾವಾಗಲೂ ಬೇರೆ ಬೇರೆ ಇಟ್ಟುಕೊಳ್ಳುತ್ತೇನೆ. ನಡುಕ ಹುಟ್ಟುವುದು ಎಲ್ಲಿ? ಅದು ಸೀಟಿನವರೆಗೆ ಬರುವುದು ಯಾವ ದಾರಿಯಲ್ಲಿ? ಡೀಸೆಲ್ ಎಂಜಿನ್ ಎಂದರೆ ನಡುಕ ಇದ್ದೇ ಇರುತ್ತದೆ. ಆರೋಗ್ಯವಾಗಿರುವ ಎಂಜಿನ್ ಕೂಡ ಒಳಗೆ ಜೋರಾಗಿಯೇ ಅಲುಗುತ್ತಿರುತ್ತದೆ. ಅದು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ದಾಟದಂತೆ ಎಂಜಿನ್ ಕೂರುವ ರಬ್ಬರ್ ಮೌಂಟಿಂಗ್ ತಡೆದಿರುತ್ತದೆ, ಅಷ್ಟೇ. ಹಾಗಾಗಿ ಹೊಸದಾಗಿ ನಡುಕ ಬಂತು ಅಂದರೆ ಮೂಲ ಕೆಟ್ಟಿರಬಹುದು, ತಡೆ ಕೆಟ್ಟಿರಬಹುದು. ಎರಡೂ ಕೆಟ್ಟಿರಬಹುದು. ಈ ಗಾಡಿಯಲ್ಲಿ ಎರಡೂ ಕೆಟ್ಟಿದ್ದವು.

ಮೊದಲು ರಸ್ತೆಯಲ್ಲಿ

ಪಾನಾ ಕೈಗೆತ್ತಿಕೊಳ್ಳುವ ಮೊದಲು ಒಂದು ವಿಷಯ ತಿಳಿಯಬೇಕು. ನಡುಕ ಗಾಡಿಯ ವೇಗದ ಹಿಂದೆ ಹೋಗುತ್ತಿದೆಯೋ, ಎಂಜಿನ್ ಸುತ್ತಿನ ಹಿಂದೆ ಹೋಗುತ್ತಿದೆಯೋ? ಚಕ್ರ, ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್ ಇವೆಲ್ಲ ಗಾಡಿಯ ವೇಗಕ್ಕೆ ಕಟ್ಟಿಕೊಂಡಿವೆ. ಯಾವ ಗೇರ್‌ನಲ್ಲಿದ್ದರೂ 40 ಕಿಲೋಮೀಟರ್ ವೇಗದಲ್ಲಿ ಶಾಫ್ಟ್ ತಿರುಗುವುದು ಒಂದೇ ಲೆಕ್ಕದಲ್ಲಿ. ಎಂಜಿನ್ ಹಾಗಲ್ಲ. ಗೇರ್ ಬದಲಾದರೆ ಅದರ ಸುತ್ತು ಬದಲಾಗುತ್ತದೆ.

ಲೆಕ್ಕ ಕಷ್ಟವೇನಲ್ಲ. ನಮ್ಮ ಟೈರ್ 215/75 ಆರ್ 15. ಅದರ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ 5 ಸುತ್ತು. ನಮ್ಮ ಹಿಂದಿನ ಆಕ್ಸಲ್ ಅನುಪಾತ 4.3 ಎಂದು ಹಿಡಿದರೆ ಶಾಫ್ಟ್ ಸೆಕೆಂಡಿಗೆ 21-22 ಸುತ್ತು, ಅಂದರೆ ನಿಮಿಷಕ್ಕೆ ಸುಮಾರು 1300. ನಾಲ್ಕನೇ ಗೇರ್ ನೇರ ಗೇರ್ (ಎಂಜಿನ್ ಒಂದು ಸುತ್ತಿಗೆ ಶಾಫ್ಟ್ ಒಂದು ಸುತ್ತು) ಆದ್ದರಿಂದ ಎಂಜಿನ್ ಕೂಡ 1300. ಮೂರನೇ ಗೇರ್‌ನ ಅನುಪಾತ 1.4, ಅಲ್ಲಿ ಅದೇ ವೇಗಕ್ಕೆ ಎಂಜಿನ್ 1800 ದಾಟುತ್ತದೆ. ಎರಡನೇ ಗೇರ್ 2.3. ಅಲ್ಲಿ 1800 ಸುತ್ತು ಅಂದರೆ ಗಾಡಿ ಬರೀ 24 ಕಿಲೋಮೀಟರ್ ವೇಗದಲ್ಲಿ ಇರುತ್ತದೆ.

ಪರೀಕ್ಷೆಗೆ ಒಂದೇ ತೂಕ, ಒಂದೇ ಜಾಗ ಬೇಕು. ಇಲ್ಲದಿದ್ದರೆ ಇವತ್ತಿನದನ್ನು ನಾಳೆಯದರ ಜೊತೆ ಹೋಲಿಸಲು ಆಗುವುದಿಲ್ಲ. ತೂಕಕ್ಕೆ ಗೊಬ್ಬರದ ಚೀಲಗಳೇ ಸಾಕು. ಡಿಎಪಿ, ಪೊಟ್ಯಾಷ್ ಚೀಲ ತಲಾ 50 ಕೆಜಿ, 24 ಚೀಲ ಹೇರಿದರೆ 1200 ಕೆಜಿ. ಯೂರಿಯಾ ತಗೊಳ್ಳುವುದಾದರೆ ನೆನಪಿರಲಿ, ಅದರ ಚೀಲ ಈಗ 45 ಕೆಜಿ. ಜಾಗಕ್ಕೆ ಕೊಟ್ಟಿಗೆಹಾರದ ಕಡೆ ತಿರುವು ಇಲ್ಲದ, ಗಾಡಿ ಓಡಾಟ ಕಡಿಮೆ ಇರುವ ಒಂದು ಏರು ಗೊತ್ತುಮಾಡಿಕೊಂಡೆವು. ಒಬ್ಬ ಓಡಿಸುವುದು, ಒಬ್ಬ ಬರೆದುಕೊಳ್ಳುವುದು. ಓಡಿಸುವವನು ಮೀಟರ್, ಫೋನ್ ಯಾವುದರ ಕಡೆಗೂ ಗಮನ ಕೊಡಬಾರದು.

ಫಲಿತಾಂಶ ಬೇಗ ಸಿಕ್ಕಿತು. ಮೂರನೇ ಗೇರ್‌ನಲ್ಲಿ 40ಕ್ಕೆ ನಡುಕ ಜೋರು. ಎರಡನೇ ಗೇರ್‌ನಲ್ಲಿ 40 ಮುಟ್ಟುವ ಮೊದಲೇ, 24ರ ಸುಮಾರಿಗೆ ಅದೇ ನಡುಕ, ಅದಕ್ಕಿಂತ ಜೋರು. ಎರಡೂ ಕಡೆ ಎಂಜಿನ್ 1800ರ ಅಕ್ಕಪಕ್ಕ. ಅದೇ 40ರಲ್ಲಿ ಕ್ಲಚ್ ಒತ್ತಿ ಗಾಡಿಯನ್ನು ಹಾಗೇ ಉರುಳಲು ಬಿಟ್ಟರೆ ನಡುಕವೇ ಇಲ್ಲ. ಶಾಫ್ಟಿನದ್ದಾಗಿದ್ದರೆ 24ರಲ್ಲೂ 40ರಲ್ಲೂ ಒಂದೇ ಥರ ಕಾಣುವ ಮಾತೇ ಇಲ್ಲ. ಕ್ರಾಸ್ ಬದಲಾಯಿಸಿದರೂ ಏನೂ ಆಗದಿದ್ದುದು ಯಾಕೆ ಎಂದು ಇಲ್ಲಿ ಗೊತ್ತಾಯಿತು.

ಹಾಗೆಂದು ಶಾಫ್ಟನ್ನು ಸುಮ್ನೆ ಬಿಡಬಾರದು. ಪಟ್ಟಿ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಲೋಡ್ ಹಾಕಿದಾಗ ಆಕ್ಸಲ್ ಮೇಲೆ ಬರುತ್ತದೆ, ಶಾಫ್ಟಿನ ಕೋನ ಬದಲಾಗುತ್ತದೆ. ಸವೆದ ಕ್ರಾಸ್, ಶಾಫ್ಟಿನ ನಡುವನ್ನು ಹಿಡಿದಿರುವ ಸೆಂಟರ್ ಬೇರಿಂಗಿನ ಸಡಿಲವಾದ ರಬ್ಬರ್ ಇದ್ದರೆ ಅಲ್ಲೂ ಲೋಡ್ ಇದ್ದಾಗ ಮಾತ್ರ ಬರುವ ನಡುಕ ಸಿಗುತ್ತದೆ. ಆದರೆ ಅದು ಹೆಚ್ಚಾಗಿ ನಿಂತ ಗಾಡಿ ಎತ್ತುವಾಗ, ಕಡಿಮೆ ವೇಗದಲ್ಲಿ ಬರುತ್ತದೆ. ನಮ್ಮದು ಹಾಗಿರಲಿಲ್ಲ. ಸೆಂಟರ್ ಬೇರಿಂಗ್ ಕೈಯಲ್ಲಿ ಅಲುಗಿಸಿ ನೋಡಿದೆವು, ಗಟ್ಟಿ ಇತ್ತು. ಮುಂದೆ ಹೋದೆವು.

ಫೋನಿನಿಂದ ಸಿಕ್ಕ ಎರಡು ಅಂಕಿ

ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದೆ. ಫೋನಿನ ಒಳಗಿರುವ ಆಕ್ಸಿಲರೋಮೀಟರ್ ಬಳಸಿ ನಡುಕವನ್ನು ಅದರ ಆವರ್ತನಗಳಾಗಿ ಬಿಡಿಸಿ ತೋರಿಸುತ್ತದೆ. ಇದನ್ನು ಗಾಡಿ ಕೆಲಸಕ್ಕೆ ಬಳಸುವವರು ನಮ್ಮಲ್ಲಿ ಕಡಿಮೆ. ನನಗೆ ಮಾತ್ರ ಇದು ತುಂಬ ಉಪಯೋಗಕ್ಕೆ ಬಂದ ಸಾಧನ.

ಮೊದಲು ಏನನ್ನು ಹುಡುಕಬೇಕು ಎಂದು ಗೊತ್ತಿರಬೇಕು. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಉರಿಯುತ್ತದೆ. 1800 ಆರ್‌ಪಿಎಂ ಅಂದರೆ ಸೆಕೆಂಡಿಗೆ 30 ಸುತ್ತು. ಒಂದು ಸಿಲಿಂಡರ್ ಸೆಕೆಂಡಿಗೆ 15 ಸಲ ಉರಿಯುತ್ತದೆ, ನಾಲ್ಕೂ ಸೇರಿ 60 ಸಲ. ಎಲ್ಲ ಸಿಲಿಂಡರ್ ಸಮನಾಗಿ ದುಡಿಯುತ್ತಿದ್ದರೆ 60 ಹರ್ಟ್ಸ್‌ನಲ್ಲಿ ಅಂದರೆ ಸೆಕೆಂಡಿಗೆ 60 ಸಲದ ಜಾಗದಲ್ಲಿ ಒಂದು ದೊಡ್ಡ ಗೆರೆ ಕಾಣಬೇಕು. 15ರಲ್ಲಿ ಹೆಚ್ಚೇನೂ ಇರಬಾರದು. ಒಂದು ಸಿಲಿಂಡರ್ ಸೋಮಾರಿಯಾದರೆ ಮಾತ್ರ ನಾಲ್ಕು ಹೊಡೆತಕ್ಕೊಂದು ಕಡಿಮೆ ಬಿದ್ದು 15 ಹರ್ಟ್ಸ್ ಎದ್ದು ಕಾಣುತ್ತದೆ. 30ರಲ್ಲಿ ಗೆರೆ ಎದ್ದರೆ ಫ್ಲೈವೀಲ್, ಕ್ಲಚ್ ಪ್ಲೇಟ್, ಮುಂದಿನ ಪುಲ್ಲಿ ಹೀಗೆ ಕ್ರ್ಯಾಂಕಿನ (ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡದ) ಜೊತೆ ಒಂದಕ್ಕೊಂದು ತಿರುಗುವ ಯಾವುದೋ ಭಾಗದ ಮೇಲೆ ಅನುಮಾನ ಪಡಬೇಕು.

ಫೋನ್ ಇಡುವ ಜಾಗ ಮುಖ್ಯ. ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಪ್ಲಾಸ್ಟಿಕ್ ತನ್ನದೇ ತಾಳ ಹಾಕುತ್ತದೆ. ಸೀಟನ್ನು ನೆಲಕ್ಕೆ ಬಿಗಿದಿರುವ ಹಳಿಯ ಮೇಲೆ, ಕಬ್ಬಿಣಕ್ಕೆ ತಾಗುವ ಹಾಗೆ, ಗಟ್ಟಿ ಟೇಪ್ ಹಾಕಿ ಕೂರಿಸಿದೆವು. ಇನ್ನೊಂದು ವಿಷಯ: ಫೋನ್ ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೋ ಅದರ ಅರ್ಧದಷ್ಟು ಆವರ್ತನದವರೆಗೆ ಮಾತ್ರ ಅದರ ಮಾತು ನಂಬಬಹುದು. ಸೆಕೆಂಡಿಗೆ 100 ಸಲ ಅಳೆಯುವ ಫೋನಿಗೆ 60 ಹರ್ಟ್ಸ್ ಸರಿಯಾಗಿ ಕಾಣುವುದಿಲ್ಲ, ಇಲ್ಲದ ಜಾಗದಲ್ಲಿ ತೋರಿಸುತ್ತದೆ. ನಾವು ಬಳಸಿದ ಫೋನ್ 200 ಸಲ ಅಳೆಯುತ್ತಿತ್ತು. ಸಾಕಾಯಿತು.

ನ್ಯೂಟ್ರಲ್‌ನಲ್ಲಿ 1800 ಹಿಡಿದಾಗ 60ರಲ್ಲಿ ಸಣ್ಣ ಗೆರೆ ಇತ್ತು. ಅದು ಸಹಜ. ಪಿಸ್ಟನ್‌ಗಳ ಮೇಲೆ ಕೆಳಗೆ ಓಡಾಟದಿಂದಲೇ ನಾಲ್ಕು ಸಿಲಿಂಡರ್ ಸಾಲು ಎಂಜಿನ್‌ನಲ್ಲಿ ಸುತ್ತಿಗೆ ಎರಡು ಸಲದ ಒಂದು ಅಲುಗಾಟ ಇದ್ದೇ ಇರುತ್ತದೆ. ಅದನ್ನು ಸರಿದೂಗಿಸುವ ಬ್ಯಾಲೆನ್ಸ್ ಶಾಫ್ಟ್ ಇಲ್ಲದ ಎಂಜಿನ್‌ಗಳಲ್ಲಿ ಅದು ಹಾಗೇ ಉಳಿಯುತ್ತದೆ. ಗಮನಿಸಬೇಕಾದ್ದು ಏನೆಂದರೆ, ಪಿಸ್ಟನ್ ತೂಕದ ಈ ಅಲುಗಾಟ ಲೋಡ್ ನೋಡಿ ಜಾಸ್ತಿ ಆಗುವುದಿಲ್ಲ. ಅದು ಸುತ್ತನ್ನು ಮಾತ್ರ ನೋಡುತ್ತದೆ. ಲೋಡ್ ಇದ್ದಾಗ ಹೆಚ್ಚಾಗುವುದು ಉರಿಯುವಿಕೆಯ ಹೊಡೆತ. ಹಾಗಾಗಿ ನ್ಯೂಟ್ರಲ್‌ನಲ್ಲಿ ಸುಮ್ಮನಿದ್ದು ಏರಿನಲ್ಲಿ ಮಾತ್ರ ನಡುಗುವ ಎಂಜಿನ್‌ನಲ್ಲಿ ಪಿಸ್ಟನ್ ತೂಕ, ಕ್ರ್ಯಾಂಕ್ ಬ್ಯಾಲೆನ್ಸ್ ಎಂದು ಹೋಗುವ ಅಗತ್ಯ ಇಲ್ಲ. ಎಂಜಿನ್ ಇಳಿಸಬೇಕು ಎಂದು ಯಾರಾದರೂ ಹೇಳಿದರೆ ಈ ಒಂದು ಪರೀಕ್ಷೆ ಮಾಡಿ ತೋರಿಸಿ ಕೇಳಬಹುದು.

ಏರಿನಲ್ಲಿ, ಲೋಡ್ ಜೊತೆ, ಅದೇ 1800ರಲ್ಲಿ ಚಿತ್ರ ಬೇರೆ. 60ರ ಗೆರೆ ನ್ಯೂಟ್ರಲ್‌ನದಕ್ಕಿಂತ ಹಲವು ಪಟ್ಟು ಎದ್ದಿತ್ತು. 15ರಲ್ಲೂ ಸ್ಪಷ್ಟವಾಗಿ ಒಂದು ಗೆರೆ. 30ರಲ್ಲಿ ಏನೂ ಇರಲಿಲ್ಲ. ಅಂದರೆ ಸಹಜವಾದ ಹೊಡೆತ ತಡೆಯಿಲ್ಲದೆ ಚಾಸಿಗೆ ದಾಟುತ್ತಿದೆ, ಅದರ ಜೊತೆ ಒಂದು ಸಿಲಿಂಡರ್ ಕೂಡ ಹಿಂದೆ ಬಿದ್ದಿದೆ. ಮೊದಲು ದಾರಿ ಮುಚ್ಚೋಣ, ಆಮೇಲೆ ಮೂಲ ನೋಡೋಣ ಎಂದು ತೀರ್ಮಾನಿಸಿದೆವು. ದಾರಿ ನೋಡುವುದು ಸುಲಭ, ಖರ್ಚೂ ಕಡಿಮೆ.

ಎಡಗಡೆ ಮೌಂಟಿಂಗ್

ಎಂಜಿನ್ ಉದ್ದಕ್ಕೆ ಕೂತ ಗಾಡಿಯಲ್ಲಿ ಎಂಜಿನ್ ಶಾಫ್ಟನ್ನು ಒಂದು ಕಡೆ ತಿರುಗಿಸಿದರೆ, ಎಂಜಿನ್‌ನ ಮೈ ಅದಕ್ಕೆ ಎದುರು ದಿಕ್ಕಿಗೆ ವಾಲುತ್ತದೆ. ನಮ್ಮ ಎಂಜಿನ್ ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಹೆಚ್ಚಿನ ಎಂಜಿನ್‌ಗಳೂ ಹಾಗೇ. ಆಗ ಮುಂದಕ್ಕೆ ಎಳೆಯುವಾಗ ಡ್ರೈವರ್ ಕೂತ ದಿಕ್ಕಿನಿಂದ ಎಡಗಡೆ, ಅಂದರೆ ಕ್ಲೀನರ್ ಕಡೆ, ಎಂಜಿನ್ ಮೇಲಕ್ಕೆ ಏಳುತ್ತದೆ. ಬಲಗಡೆ ಕೆಳಗೆ ಒತ್ತುತ್ತದೆ. ರಿವರ್ಸ್‌ನಲ್ಲಿ ಇದು ತಿರುಗುಮುರುಗು.

ಇದರ ಬಲ ಎಷ್ಟು ಎಂದು ಬಹಳ ಜನ ಯೋಚಿಸುವುದಿಲ್ಲ. ಮೌಂಟಿಂಗ್‌ಗಳು ತಡೆಯಬೇಕಾದ್ದು ಎಂಜಿನ್ ಟಾರ್ಕನ್ನಲ್ಲ (ಟಾರ್ಕ್ ಅಂದರೆ ತಿರುಗಿಸುವ ಬಲ), ಗೇರ್‌ಬಾಕ್ಸ್‌ನಿಂದ ಹೊರಗೆ ಬರುವ ಟಾರ್ಕನ್ನು. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಮೈಯಾಗಿ ಬೋಲ್ಟ್ ಆಗಿವೆಯಲ್ಲ. ಎಂಜಿನ್ 200 ನ್ಯೂಟನ್ ಮೀಟರ್ ಕೊಡುತ್ತಿದ್ದರೆ ನಾಲ್ಕನೇ ಗೇರ್‌ನಲ್ಲಿ ವಾಲಿಸುವ ಬಲ ಅಷ್ಟೇ, 200. ಮೂರನೆಯದರಲ್ಲಿ 280. ಎರಡನೆಯದರಲ್ಲಿ 460. ಎರಡನೇ ಗೇರ್‌ನಲ್ಲಿ ನಡುಕ ಯಾಕೆ ಜೋರು ಎಂಬುದಕ್ಕೆ ಇದೇ ಉತ್ತರ ಇರಬೇಕು ಅನ್ನಿಸಿತು.

ಪರೀಕ್ಷಿಸಲು ಲೋಡ್ ಇದ್ದಂತೆಯೇ ಒಂದು ಸಣ್ಣ ಏರನ್ನು ರಿವರ್ಸ್‌ನಲ್ಲಿ ಹತ್ತಿಸಿದೆವು. 1800 ಹಿಡಿದರೂ ಸೀಟಿನಲ್ಲಿ ನಡುಕ ತೀರಾ ಕಡಿಮೆ. ಎಂಜಿನ್ ಅದೇ, ಸುತ್ತು ಅದೇ, ಲೋಡ್ ಅದೇ. ಬದಲಾದದ್ದು ವಾಲುವ ದಿಕ್ಕು ಮಾತ್ರ. ಇಡೀ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟ ಪರೀಕ್ಷೆ ಇದು. ಒಂದು ಬೋಲ್ಟ್ ಕೂಡ ಬಿಚ್ಚದೆ ಎಡಗಡೆ ಮೌಂಟಿಂಗ್ ಕಡೆ ಬೆರಳು ತೋರಿಸಿತು.

ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆವು. ಹೊರಗಿಂದ ನೋಡಿದರೆ ಮೌಂಟಿಂಗ್ ಚೆನ್ನಾಗಿಯೇ ಕಂಡಿತು. ಇಲ್ಲೇ ಹೆಚ್ಚಿನವರು ತಪ್ಪಿಸಿಕೊಂಡು ಹೋಗುತ್ತಾರೆ. ಎಂಜಿನ್ ನಿಂತಾಗ ಅದರ ತೂಕ ಕೆಳಕ್ಕೆ ಒತ್ತಿರುತ್ತದೆ. ರಬ್ಬರ್ ಹರಿದಿದ್ದರೂ ಆ ಬಿರುಕು ಮುಚ್ಚಿಕೊಂಡಿರುತ್ತದೆ. ಎಂಜಿನ್ ಸ್ವಲ್ಪ ಎತ್ತಿದರೆ ಮಾತ್ರ ಗೊತ್ತಾಗುತ್ತದೆ. ಜಾಕ್ ಮೇಲೆ ಅಗಲವಾದ ಮರದ ತುಂಡು ಇಟ್ಟು, ಆಯಿಲ್ ಸಂಪಿನ ಅಂಚಿಗೆ ಕೊಟ್ಟು ನಿಧಾನವಾಗಿ ಎತ್ತಬೇಕು. ಮರದ ತುಂಡು ಇಲ್ಲದಿದ್ದರೆ ಸಂಪ್ ನೆಗ್ಗುತ್ತದೆ. ಎತ್ತುವಾಗ ಒಬ್ಬರು ರೇಡಿಯೇಟರ್ ಕಡೆ ನೋಡುತ್ತಿರಬೇಕು. ಫ್ಯಾನ್ ಎಂಜಿನ್‌ಗೆ ಸೇರಿಕೊಂಡಿದ್ದರೆ ಅದರ ಎಲೆ ಹೊದಿಕೆಗೆ ತಾಗಿಬಿಡುತ್ತದೆ, ಹೋಸ್ ಎಳೆದುಕೊಳ್ಳುತ್ತದೆ.

ಒಂದು ಬೆರಳಿನ ದಪ್ಪ ಎತ್ತುವಷ್ಟರಲ್ಲಿ ಎಡಗಡೆ ಮೌಂಟಿಂಗಿನ ರಬ್ಬರ್ ಕೆಳಗಿನ ತಗಡಿನಿಂದ ಪೂರ್ತಿ ಬಿಟ್ಟುಕೊಂಡಿತು. ಟಾರ್ಚ್ ಹಾಕಿದರೆ ಆಚೆ ಕಡೆಯ ಬೆಳಕು ಕಂಡಿತು. ರಬ್ಬರ್ ಮೈಯೆಲ್ಲ ಉಬ್ಬಿ, ಉಗುರು ಹಾಕಿದರೆ ಒಳಗೆ ಹೋಗುವಷ್ಟು ಮೆತ್ತಗಾಗಿತ್ತು. ಮೇಲೆ ನೋಡಿದರೆ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್‌ನಿಂದ ಆಯಿಲ್ ಇಳಿದು ನೇರ ಮೌಂಟಿಂಗ್ ಮೇಲೆ ಬೀಳುತ್ತಿತ್ತು. ಸಹಜ ರಬ್ಬರ್‌ಗೆ ಎಂಜಿನ್ ಆಯಿಲ್ ಆಗಿಬರುವುದಿಲ್ಲ. ಹಾಗಾಗಿ ಹೊಸ ಮೌಂಟಿಂಗ್ ಹಾಕುವ ಮೊದಲು ಆ ಗ್ಯಾಸ್ಕೆಟ್ ಬದಲಾಯಿಸಲೇಬೇಕು. ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ.

ಇನ್ನೂ ಒಂದು ಗುರುತು ಸಿಕ್ಕಿತು. ಸೈಲೆನ್ಸರ್‌ನ ಮುಂದಿನ ಪೈಪ್ ಗೇರ್‌ಬಾಕ್ಸ್ ಕೆಳಗಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡ ಪಟ್ಟಿ) ಪಕ್ಕದಲ್ಲಿ ಹೋಗುತ್ತದೆ. ಅಲ್ಲಿ ಎರಡರ ಮೇಲೂ ತುಕ್ಕು ಹೋಗಿ ಬೆಳ್ಳಗೆ ಹೊಳೆಯುವ ಉಜ್ಜಿದ ಗೀರು. ನಿಂತಾಗ ಮಧ್ಯೆ ಜಾಗ ಇದೆ. ಎಂಜಿನ್ ವಾಲಿದಾಗ ಪೈಪ್ ಹೋಗಿ ಕಬ್ಬಿಣಕ್ಕೆ ಒರಗುತ್ತಿತ್ತು. ಆ ಕ್ಷಣದಲ್ಲಿ ಎಂಜಿನ್‌ಗೂ ಚಾಸಿಗೂ ನಡುವೆ ರಬ್ಬರೇ ಇಲ್ಲ, ಕಬ್ಬಿಣಕ್ಕೆ ಕಬ್ಬಿಣ. 60 ಹರ್ಟ್ಸ್ ಹೊಡೆತ ನೇರವಾಗಿ ಸೀಟಿಗೆ ಬರಲು ಇನ್ನೇನು ಬೇಕು, ಅಲ್ವಾ? ನಡುಕ ಹುಡುಕುವಾಗ ಗಾಡಿಯ ಕೆಳಗೆ ಇಂಥ ಹೊಳೆಯುವ ಗೀರು ಹುಡುಕಿ. ಎರಡು ಲೋಹ ತಾಗಿದ್ದರೆ ಗುರುತು ಬಿಡದೆ ಇರುವುದಿಲ್ಲ.

ಎಡಗಡೆಯದು ಮಾತ್ರ ಹರಿದಿದ್ದರೂ ಎರಡೂ ಮುಂದಿನ ಮೌಂಟಿಂಗ್ ಬದಲಾಯಿಸಿದೆವು. ಒಂದು ಹೊಸದು ಎತ್ತರವಾಗಿ, ಇನ್ನೊಂದು ಹಳೆಯದು ಕುಸಿದು ಇದ್ದರೆ ಎಂಜಿನ್ ಓರೆಯಾಗಿ ಕೂರುತ್ತದೆ, ಪೈಪ್ ಮತ್ತೆ ತಾಗುತ್ತದೆ. ಗೇರ್‌ಬಾಕ್ಸ್ ಕೆಳಗಿನ ಮೌಂಟಿಂಗ್‌ನಲ್ಲಿ ಮೇಲ್ಮೈ ಬಿರುಕು ಇತ್ತು. ಎತ್ತಿ ನೋಡಿದಾಗ ಹಿಡಿತ ಚೆನ್ನಾಗಿತ್ತು, ಹಾಗಾಗಿ ಬಿಟ್ಟೆವು.

ಕೂರಿಸುವಾಗ ಆತುರ ಬೇಡ. ಎಲ್ಲ ಬೋಲ್ಟ್ ಕೈಯಲ್ಲಿ ಹಿಡಿಸಿ, ಸಡಿಲ ಬಿಟ್ಟು, ಜಾಕ್ ಇಳಿಸಿ ಎಂಜಿನ್ ತೂಕ ಪೂರ್ತಿ ಮೌಂಟಿಂಗ್ ಮೇಲೆ ಬರಲು ಬಿಡಬೇಕು. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ಅದು ತನ್ನ ಜಾಗ ಹುಡುಕಿಕೊಳ್ಳಲಿ. ಆಮೇಲೆ ಟಾರ್ಕ್ ರೆಂಚ್ ಹಿಡಿದು ಗಾಡಿಯ ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಳತೆಗೆ ಬಿಗಿಯಬೇಕು. ಎತ್ತಿದ ಸ್ಥಿತಿಯಲ್ಲೇ ಬಿಗಿದರೆ ಹೊಸ ರಬ್ಬರ್ ಮೊದಲ ದಿನದಿಂದಲೇ ತಿರುಚಿಕೊಂಡು ಇರುತ್ತದೆ. ಸೈಲೆನ್ಸರ್ ಕೂಡ ಹಾಗೇ. ಎಲ್ಲ ಫ್ಲ್ಯಾಂಜ್ ಬೋಲ್ಟ್ ಸಡಿಲ ಮಾಡಿ, ಪೈಪ್ ತಾನಾಗಿ ನೇತಾಡಿ ನೇರವಾಗಲು ಬಿಟ್ಟು, ಮುಂದಿನಿಂದ ಹಿಂದಕ್ಕೆ ಬಿಗಿಯುತ್ತ ಬಂದೆವು. ಉಜ್ಜಿದ ಜಾಗಕ್ಕೆ ಬಿಳಿ ಬಣ್ಣ ಬಳಿದೆವು. ಮತ್ತೆ ತಾಗಿದರೆ ಬಣ್ಣ ಹೋಗಿರುತ್ತದೆ, ಊಹೆ ಮಾಡುವ ಅಗತ್ಯ ಇರುವುದಿಲ್ಲ.

ಮತ್ತೆ ಅದೇ ಚೀಲಗಳು, ಅದೇ ಏರು. ಸೀಟಿನಲ್ಲಿ ಕೂತವರಿಗೆ ಫೋನ್ ಬೇಡವೇ ಬೇಡ, ಅಷ್ಟು ವ್ಯತ್ಯಾಸ. 60ರ ಗೆರೆ ಮೊದಲಿನ ಕಾಲು ಭಾಗಕ್ಕೆ ಇಳಿದಿತ್ತು. ಬಹಳ ಜನ ಇಲ್ಲಿಗೇ ಸಾಕು ಎಂದು ಬಾನೆಟ್ ಮುಚ್ಚುತ್ತಾರೆ. ಆದರೆ 15ರ ಗೆರೆ ಅಲ್ಲೇ ಇತ್ತು. ಕಾಲಿಗೆ ಒಂದು ನಿಧಾನವಾದ ತೊನೆದಾಟ ಗೊತ್ತಾಗುತ್ತಿತ್ತು. ಜೋರು ನಡುಕದ ಹಿಂದೆ ಅದು ಅಡಗಿ ಕೂತಿತ್ತು ಅಷ್ಟೇ.

ಹಿಂದೆ ಬಿದ್ದ ಸಿಲಿಂಡರ್

ಒಂದು ಸಿಲಿಂಡರ್ ಮಾತ್ರ ಕಡಿಮೆ ದುಡಿಯುತ್ತಿದೆ ಎಂದರೆ ಎಲ್ಲದಕ್ಕೂ ಸಾಮಾನ್ಯವಾದ ಕಾರಣಗಳು ಹಿಂದಕ್ಕೆ ಹೋಗುತ್ತವೆ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಟರ್ಬೊ ಹೋಸ್ ಸೋರಿಕೆ, ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ ಒಳಗೆ ಬಿಡುವ ವಾಲ್ವ್) ಇವೆಲ್ಲ ನಾಲ್ಕನ್ನೂ ಸಮನಾಗಿ ಬಡವಾಗಿಸುತ್ತವೆ. ಉಳಿಯುವುದು ಎರಡು: ಆ ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತುವ ಒತ್ತಡ), ಅದರ ಇಂಜೆಕ್ಟರ್ (ಒಳಗೆ ಡೀಸೆಲ್ ಸಿಂಪಡಿಸುವ ಭಾಗ).

ಸ್ಕ್ಯಾನರ್ ಹಾಕಿ ನೋಡಿದೆವು. ಎರರ್ ಕೋಡ್ ಯಾವುದೂ ಇಲ್ಲ. ಆದರೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಪ್ರತಿ ಸಿಲಿಂಡರಿಗೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಎಷ್ಟು ಡೀಸೆಲ್ ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿಗಳಲ್ಲಿ ಮೂರನೆಯದು ಎದ್ದು ಕಂಡಿತು. ಉಳಿದವು ಸೊನ್ನೆಯ ಆಸುಪಾಸು, ಮೂರನೆಯದಕ್ಕೆ ಮಾತ್ರ ಸದಾ ಜಾಸ್ತಿ ಕೊಡುತ್ತಿದೆ. ಕ್ರ್ಯಾಂಕ್ ಪ್ರತಿ ಹೊಡೆತಕ್ಕೆ ಎಷ್ಟು ವೇಗ ಪಡೆಯುತ್ತದೆ ಎಂದು ಸೆನ್ಸರ್‌ನಿಂದ ನೋಡಿ, ಹಿಂದೆ ಬಿದ್ದ ಸಿಲಿಂಡರಿಗೆ ಇಸಿಯು ತಾನೇ ಡೀಸೆಲ್ ಏರಿಸುತ್ತದೆ. ಈ ಸರಿದೂಗಿಸುವ ಕೆಲಸ ನಡೆಯುವುದು ಐಡಲ್ ಮತ್ತು ಅದರ ಹತ್ತಿರದ ಸುತ್ತುಗಳಲ್ಲಿ. ಹಾಗಾಗಿ ಐಡಲ್‌ನಲ್ಲಿ ಎಂಜಿನ್ ನುಣ್ಣಗೆ ಓಡುತ್ತಿತ್ತು. ಲೋಡ್ ಬಂದಾಗ ಆ ಸಹಾಯ ಇಲ್ಲ, ಕೊರತೆ ಹೊರಗೆ ಬರುತ್ತದೆ. ಖಾಲಿ ನಿಂತಾಗ ಚೆನ್ನಾಗಿದೆ ಎಂದು ಇಂಜೆಕ್ಟರ್‌ಗೆ ಸರ್ಟಿಫಿಕೇಟ್ ಕೊಡಬಾರದು ಎನ್ನುವುದು ಇದಕ್ಕೇ.

ಕಂಪ್ರೆಷನ್ ಮೊದಲು ನೋಡಿದೆವು. ಗ್ಲೋ ಪ್ಲಗ್ (ತಣ್ಣಗಿನ ಎಂಜಿನ್ ಶುರುವಾಗಲು ಸಿಲಿಂಡರ್ ಒಳಗೆ ಬಿಸಿ ಮಾಡುವ ಕಡ್ಡಿ) ಬಿಚ್ಚಿ ಆ ತೂತಿಗೆ ಗೇಜ್ ಹಾಕಬೇಕು. ಗ್ಲೋ ಪ್ಲಗ್ ಬಿಚ್ಚುವಾಗ ಎಂಜಿನ್ ಬೆಚ್ಚಗಿರಬೇಕು, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿರಬೇಕು, ಕೈಗೆ ಬಿಗಿ ಅನ್ನಿಸಿದರೆ ನಿಲ್ಲಿಸಬೇಕು. ತುದಿ ಮುರಿದು ಒಳಗೆ ಉಳಿದರೆ ಹೆಡ್ ಬಿಚ್ಚುವ ಕೆಲಸ ಆಗಿಬಿಡುತ್ತದೆ. ನಮ್ಮಲ್ಲಿ ನಾಲ್ಕೂ 26ರಿಂದ 28 ಬಾರ್ ನಡುವೆ ಬಂದವು. ಅಂಕಿಗಿಂತ ಅವುಗಳ ನಡುವಿನ ಹೊಂದಾಣಿಕೆ ಮುಖ್ಯ. ಅದು ಚೆನ್ನಾಗಿತ್ತು. ರಿಂಗ್, ವಾಲ್ವ್ ಚಿಂತೆ ಹೋಯಿತು.

ಇನ್ನು ಇಂಜೆಕ್ಟರ್. ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕು. ಹಳೆ ಡೀಸೆಲ್ ಎಂಜಿನ್‌ಗಳಲ್ಲಿ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ ಯಾವ ಸಿಲಿಂಡರ್ ದುಡಿಯುತ್ತಿಲ್ಲ ಎಂದು ನೋಡುವ ರೂಢಿ ಇತ್ತು. ಟ್ರ್ಯಾಕ್ಟರ್ ಕೆಲಸ ಮಾಡಿದವರ ಕೈಗೆ ಅದು ಅಭ್ಯಾಸ. ಕಾಮನ್ ರೈಲ್‌ನಲ್ಲಿ ಅದನ್ನು ಮಾಡಲೇಬಾರದು. ಐಡಲ್‌ನಲ್ಲೇ ರೈಲ್ ಒತ್ತಡ 250-300 ಬಾರ್ ಇರುತ್ತದೆ, ಲೋಡ್‌ನಲ್ಲಿ ಇಂಥ ಎಂಜಿನ್‌ಗಳಲ್ಲಿ 1400-1600 ಬಾರ್ ಮುಟ್ಟುತ್ತದೆ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಒಂದು ಚುಕ್ಕೆ ಗಾಯ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು, ಕಾಯಬಾರದು. ಸೋರಿಕೆ ಹುಡುಕಲು ಬೆರಳು ಆಡಿಸುವುದೂ ಬೇಡ, ಒಂದು ರಟ್ಟಿನ ತುಂಡು ಹಿಡಿದು ನೋಡಿ. ಓಡುವ ಎಂಜಿನ್‌ನಲ್ಲಿ ಇಂಜೆಕ್ಟರ್ ವೈರಿಗೂ ಕೈ ಹಾಕಬಾರದು. ಅಲ್ಲಿ ಬ್ಯಾಟರಿಯ 12 ವೋಲ್ಟ್ ಅಲ್ಲ, ಅದಕ್ಕಿಂತ ಹಲವು ಪಟ್ಟು ಜಾಸ್ತಿ ವೋಲ್ಟೇಜ್ ಬರುತ್ತದೆ.

ಸುರಕ್ಷಿತವಾದ ವಿಧಾನ ಎಂದರೆ ರಿಟರ್ನ್ ಪರೀಕ್ಷೆ. ಎಂಜಿನ್ ನಿಲ್ಲಿಸಿ, ಒತ್ತಡ ಇಳಿಯಲು ಬಿಟ್ಟು, ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪ್ ತೆಗೆದು ಅಲ್ಲಿಂದ ಒಂದೊಂದು ಪಾರದರ್ಶಕ ನಳಿಕೆಯನ್ನು ಒಂದೊಂದು ಬಾಟಲಿಗೆ ಬಿಡಬೇಕು. ನಾಲ್ಕು ಬಾಟಲಿಯೂ ಒಂದೇ ಅಳತೆಯವು. ಇಂಜೆಕ್ಟರ್ ಒಳಗಿನ ಕಂಟ್ರೋಲ್ ವಾಲ್ವ್ ಸವೆದಿದ್ದರೆ ಸಿಲಿಂಡರಿಗೆ ಹೋಗಬೇಕಾದ ಒತ್ತಡದ ಡೀಸೆಲ್ ಅಲ್ಲಿಂದ ಟ್ಯಾಂಕಿಗೆ ವಾಪಸ್ ಸೋರುತ್ತದೆ. ಐದು ನಿಮಿಷ ಐಡಲ್ ಓಡಿಸಿ ನಿಲ್ಲಿಸಿದಾಗ ಮೂರನೇ ಬಾಟಲಿಯಲ್ಲಿ ಉಳಿದವುಗಳ ಎರಡು ಪಟ್ಟಿಗಿಂತ ಜಾಸ್ತಿ ತುಂಬಿತ್ತು. ಒತ್ತಡ ಏರಿದಷ್ಟೂ ಸೋರಿಕೆ ಏರುತ್ತದೆ. 300 ಬಾರ್‌ನಲ್ಲೇ ಇಷ್ಟು ಎಂದರೆ ಏರಿನಲ್ಲಿ ಎಷ್ಟು ಎಂದು ಊಹಿಸಬಹುದು.

ಮೂರನೇ ಇಂಜೆಕ್ಟರ್ ತೆಗೆದು ಪಂಪ್ ಕೆಲಸ ಮಾಡುವ ಅಂಗಡಿಗೆ ಕೊಟ್ಟೆವು. ಬೆಂಚ್ ಮೇಲೆ ಹಾಕಿದಾಗ ಅವರಿಗೂ ಅದೇ ಕಂಡಿತು. ವಾಲ್ವ್ ಸೆಟ್ ಮತ್ತು ನಾಝಲ್ ಹೊಸದಾಯಿತು. ತೆಗೆಯುವಾಗ, ಹಾಕುವಾಗ ಶುಚಿಯಷ್ಟೇ ಮುಖ್ಯವಾದದ್ದು ಬೇರೆ ಇಲ್ಲ. ಬಿಚ್ಚುವ ಮೊದಲೇ ಸುತ್ತ ತೊಳೆದು ಗಾಳಿ ಹೊಡೆಯಬೇಕು. ತೆರೆದ ಪ್ರತಿ ಬಾಯಿಗೆ ಆ ಕ್ಷಣವೇ ಕ್ಯಾಪ್ ಹಾಕಬೇಕು. ಒಂದು ಕಣ ಮಣ್ಣು ಒಳಗೆ ಹೋದರೆ ಹೊಸ ಇಂಜೆಕ್ಟರ್ ಕೂಡ ಹೋಯಿತು. ಕೆಳಗಿನ ತಾಮ್ರದ ವಾಷರ್ ಪ್ರತಿ ಸಲ ಹೊಸದು. ಅದು ಕೂರುವ ಜಾಗದ ಮಸಿ ಕೆರೆದು ತೆಗೆಯದಿದ್ದರೆ ಅಲ್ಲಿಂದ ಹೊಗೆ ನುಗ್ಗಿ ಡಾಂಬರಿನಂತೆ ಗಟ್ಟಿಯಾಗುತ್ತದೆ, ಮುಂದಿನ ಸಲ ಇಂಜೆಕ್ಟರ್ ಬರುವುದೇ ಇಲ್ಲ. ಹೈ ಪ್ರೆಷರ್ ಪೈಪ್ ಕೂಡ ಹೊಸದೇ ಹಾಕಿದೆವು. ದುರಸ್ತಿ ಆದ ಮೇಲೆ ಅಂಗಡಿಯವರು ಕೊಟ್ಟ ಹೊಸ ಇಂಜೆಕ್ಟರ್ ಕೋಡನ್ನು ಸ್ಕ್ಯಾನರ್‌ನಿಂದ ಇಸಿಯುಗೆ ಬರೆಸಿದೆವು. ಈ ಹಂತ ಬಿಟ್ಟರೆ ಇಸಿಯು ಹಳೆ ಇಂಜೆಕ್ಟರಿನ ಲೆಕ್ಕದಲ್ಲೇ ಡೀಸೆಲ್ ಅಳೆಯುತ್ತಿರುತ್ತದೆ.

ಕೊನೆಯ ಓಟ

1200 ಕೆಜಿ, ಮೂರನೇ ಗೇರ್, 1800. 15 ಹರ್ಟ್ಸ್ ಜಾಗದಲ್ಲಿ ಗೆರೆ ಹುಡುಕಿದರೂ ಸಿಗಲಿಲ್ಲ. 60ರದ್ದು ಇದೆ, ಇರಬೇಕಾದಷ್ಟು. ಎರಡನೇ ಗೇರ್‌ನಲ್ಲೂ ಗೇರ್ ಲಿವರ್ ಸುಮ್ಮನಿದೆ. ಐಡಲ್‌ನಲ್ಲಿ ನಾಲ್ಕೂ ಸಿಲಿಂಡರಿನ ತಿದ್ದುಪಡಿ ಅಂಕಿಗಳು ಒಂದಕ್ಕೊಂದು ಹತ್ತಿರ ಬಂದಿವೆ. ಆಮೇಲೆ ಚಾರ್ಮಾಡಿ ಕೆಳಗಿನಿಂದ ಹೆಂಚಿನ ಲೋಡ್ ಹತ್ತಿಸಿ ಬಂದು ಮೊದಲು ನೋಡಿದ್ದು ಕ್ರಾಸ್ ಮೆಂಬರ್. ಬಿಳಿ ಬಣ್ಣ ಹಾಗೇ ಇತ್ತು. ಮೌಂಟಿಂಗ್ ಬೋಲ್ಟ್‌ಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿದೆವು. ಹೊಸ ರಬ್ಬರ್ ಸ್ವಲ್ಪ ಕೂತಿರುತ್ತದೆ, ಒಂದೆರಡು ಬೋಲ್ಟ್ ಅಲ್ಪ ತಿರುಗಿದವು.

ಇನ್ನೂ ಒಂದು ಜಾಗದಲ್ಲಿ ಗಾಡಿ ಗುರುಗುಟ್ಟುತ್ತದೆ. ನಾಲ್ಕನೇ ಗೇರ್‌ನಲ್ಲಿ 1300ಕ್ಕೆ ಇಳಿದ ಮೇಲೂ ಏರಿನಲ್ಲಿ ಪೂರ್ತಿ ಒತ್ತಿದರೆ ಮೈಯೆಲ್ಲ ಅದುರುತ್ತದೆ. ಅದು ಕೆಟ್ಟದ್ದಲ್ಲ. ಆ ಸುತ್ತಿನಲ್ಲಿ ಹೊಡೆತಗಳು ಸೆಕೆಂಡಿಗೆ 43 ಮಾತ್ರ, ಒಂದೊಂದೂ ದೊಡ್ಡದು, ಅಷ್ಟು ನಿಧಾನವಾದದ್ದನ್ನು ಯಾವ ರಬ್ಬರೂ ಪೂರ್ತಿ ನುಂಗುವುದಿಲ್ಲ. ಲೋಡ್ ಇದ್ದಾಗ 1500ಕ್ಕಿಂತ ಕೆಳಗೆ ಬಂದರೆ ಒತ್ತಬೇಡ, ಮೂರಕ್ಕೆ ಇಳಿಸು ಎಂದು ಗಾಡಿ ಓಡಿಸುವ ಹುಡುಗನಿಗೆ ಹೇಳಿದ್ದೇವೆ. ಹೊಸ ಮೌಂಟಿಂಗ್, ಕ್ಲಚ್ ಎರಡಕ್ಕೂ ಅದರಿಂದ ಆಯಸ್ಸು ಜಾಸ್ತಿ.